ಹೆದರಿದ ಜೇಡ, ಅವಸರದ ಕೈ

ಕಳೆದ ತಿಂಗಳು ಮೆಣಸಿನ ತೂಕ ಮಾಡಿಸಲು ನಮ್ಮ ಸಂಘದ ಕಚೇರಿಗೆ ಬಂದ ಸದಸ್ಯರೊಬ್ಬರು ಚೀಟಿ ಕೈಗೆ ಬಂದ ಮೇಲೂ ಏಳಲಿಲ್ಲ. ವಿಚಾರಿಸಿದಾಗ ವಿಷಯ ಹೊರಬಿತ್ತು. ಜರ್ಮನಿಯಲ್ಲಿ ಕೆಲಸಕ್ಕಿರುವ ಅವರ ಮಗ ತನ್ನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಜೇಡವೊಂದನ್ನು ಸಾಕಿದ್ದಾನಂತೆ. ಫೋನಿನಲ್ಲಿ ಅದರ ಚಿತ್ರ ಕಂಡಂದಿನಿಂದ ಹುಡುಗನ ತಾಯಿ ಸರಿಯಾಗಿ ಊಟ ಮಾಡಿಲ್ಲ. ಚಿತ್ರವನ್ನು ನಾವೂ ನೋಡಿದೆವು. ಬೂದು ಮೈ, ಬೆನ್ನಿನ ಮೇಲೆ ಎಲೆಯಂಥ ಚಿತ್ತಾರ, ಮುಂಗಾಲಿನ ಅಡಿಯಲ್ಲಿ ಹಳದಿ ಪಟ್ಟೆ. ನಮ್ಮ ತೋಟದ ಹಲಸಿನ ಪೊಟರೆಯಲ್ಲಿ ಕಾಣುವ ಜೇಡದ ಬಳಗವೇ! ಅಲ್ಲಿಯೇ ಮರಿ ಮಾಡಿಸಿ ಮಾರಿದ್ದನ್ನು ಹುಡುಗ ಕೊಂಡಿದ್ದಾನೆ.

"ಇದರ ಸ್ವಭಾವ ಎಂಥದ್ದು, ಮಗನಿಗೆ ಏನಾದರೂ ಮಾಡೀತೇ?" ಎಂಬುದು ಅವರ ಪ್ರಶ್ನೆ. ಮಳೆಗಾಲಕ್ಕೆ ಮುಂಚಿನ ಮರಗಸಿ ಹತ್ತಿರ ಬಂದಿದೆ. ನಮ್ಮ ಆಳುಗಳ ಕೈಗೂ ಇದೇ ಜೇಡ ಎದುರಾಗುವ ಕಾಲವಿದು. ಆದ್ದರಿಂದ ಅವರಿಗೆ ಹೇಳಿದ್ದನ್ನು ಎಲ್ಲ ಸದಸ್ಯರ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

ಟರಾಂಟುಲಾ ಎಂದು ಕರೆಯುವ ದೊಡ್ಡ ಜೇಡಗಳ ಕುಟುಂಬಕ್ಕೆ ಸೇರಿದ ಇದರ ಕುಲನಾಮ ಪೀಸಿಲೊಥೀರಿಯಾ. ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇದು ಕಾಡಿನಲ್ಲಿಲ್ಲ. 1895ರಲ್ಲಿ ಪೊಕಾಕ್ ಎಂಬ ಪ್ರಾಣಿಶಾಸ್ತ್ರಜ್ಞ ಹೆಸರಿಟ್ಟ ಒಂದು ಜಾತಿಯನ್ನು ಸಾಕಣೆದಾರರು ಇಂದಿಗೂ ಮೈಸೂರಿನ ಹೆಸರಿನಿಂದಲೇ ಕರೆಯುತ್ತಾರೆ. ಕಾಲು ಚಾಚಿದರೆ ಆರೇಳು ಅಂಗುಲ. ಹೆಣ್ಣು ಹತ್ತು ವರ್ಷಕ್ಕೂ ಮೇಲೆ ಬಾಳುತ್ತದೆ. ಗಂಡಿನ ಆಯುಷ್ಯ ಕಡಿಮೆ. ಹಗಲೆಲ್ಲ ಪೊಟರೆಯಲ್ಲಿ ಅಥವಾ ಸಡಿಲ ತೊಗಟೆಯ ಹಿಂದೆ ಅಡಗಿದ್ದು, ಕತ್ತಲಾದ ಮೇಲೆ ಬಾಗಿಲಿಗೆ ಬಂದು ಹುಳುಹುಪ್ಪಟೆಗಾಗಿ ಕಾಯುತ್ತದೆ.

ಸ್ವಭಾವ ತಿಳಿಯಬೇಕಾದರೆ ಅದರ ಬಳಿ ಯಾವ ಆಯುಧವಿದೆ, ಯಾವುದಿಲ್ಲ ಎಂಬುದನ್ನು ನೋಡಬೇಕು. ಅಮೆರಿಕ ಖಂಡಗಳ ಅನೇಕ ಟರಾಂಟುಲಾಗಳು ಬೆದರಿದಾಗ ಹೊಟ್ಟೆಯ ಮೇಲಿನ ರೋಮಗಳನ್ನು ಹಿಂಗಾಲಿನಿಂದ ಕೆದರಿ ಎರಚುತ್ತವೆ. ಅವು ತಾಗಿದರೆ ಚರ್ಮಕ್ಕೂ ಕಣ್ಣಿಗೂ ಉರಿ, ತುರಿಕೆ. ನಮ್ಮ ಕಡೆಯ ಜೇಡಗಳಿಗೆ ಆ ರೋಮವಿಲ್ಲ. ಇವುಗಳ ಮೊದಲ ಉಪಾಯ ಓಟ. ದಾರಿ ಮುಚ್ಚಿದರೆ ಮುಂಗಾಲುಗಳನ್ನೆತ್ತಿ, ಅಡಿಯ ಹಳದಿ ಪಟ್ಟೆ ತೋರಿಸಿ ಎಚ್ಚರಿಸುವುದು ಎರಡನೆಯದು. ಅದಕ್ಕೂ ಎದುರಿನವನು ಹಿಂದೆ ಸರಿಯದಿದ್ದರೆ ಕಚ್ಚುವುದು ಕೊನೆಯದು. ಕೆಲವೊಮ್ಮೆ ಈ ಮೂರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವುದರಿಂದ ನಮಗೆ ಕಡೆಯದು ಮಾತ್ರ ಕಾಣುತ್ತದೆ. "ಸಿಟ್ಟಿನ ಪ್ರಾಣಿ" ಎಂದುಬಿಡುತ್ತೇವೆ.

ಎಂಟು ಕಣ್ಣುಗಳಿದ್ದರೂ ಅದರ ದೃಷ್ಟಿ ಮಂದ. ಲೋಕವನ್ನು ಅದು ಅರಿಯುವುದು ಕಾಲಿನ ರೋಮಗಳಿಗೆ ತಾಗುವ ಕಂಪನದಿಂದ. ಪೆಟ್ಟಿಗೆ ಅಲುಗಿದರೆ, ಉಸಿರು ತಾಗಿದರೆ, ಕತ್ತಲಲ್ಲಿ ಏಕಾಏಕಿ ಬೆಳಕು ಬಿದ್ದರೆ, ಹಕ್ಕಿಯೋ ಹಲ್ಲಿಯೋ ಮೇಲೆರಗಿತೆಂದು ಓಡುತ್ತದೆ. ಬೆಕ್ಕು ನಾಯಿಗಳಂತೆ ಯಜಮಾನನ ಗುರುತು, ಸಲಿಗೆ ಅದಕ್ಕಿಲ್ಲ. ಹತ್ತು ಸಲ ಸುಮ್ಮನಿದ್ದದ್ದು ಹನ್ನೊಂದನೆಯ ಸಲವೂ ಇದ್ದೀತೆಂದು ನಂಬುವಂತಿಲ್ಲ. ಸೆಕೆಗಾಲದಲ್ಲಿ ಓಟ ಇನ್ನೂ ಚುರುಕು. ಆದರೆ ದಮ್ಮು ಕಡಿಮೆ. ಒಂದೆರಡು ಓಟದಲ್ಲೇ ದಣಿದು ಮೂಲೆ ಹಿಡಿಯುತ್ತದೆ.

ಈ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಯ ಮಕ್ಕಳು ಇಂಥದ್ದೊಂದನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಿಡಿದಿಟ್ಟಿದ್ದರು. ವಿಜ್ಞಾನದ ಪದವೀಧರರೆಂಬ ಹಮ್ಮಿನಲ್ಲಿ ನಾವು ರಾತ್ರಿ ನೆಂಟರ ಮುಂದೆ ದೀಪದ ಕೆಳಗೆ ಮುಚ್ಚಳ ತೆಗೆದೆವು. ಮುಂದಿನ ಕ್ಷಣ ಅದು ಮಣಿಕಟ್ಟಿನಿಂದ ಭುಜಕ್ಕೆ, ಭುಜದಿಂದ ಗೋಡೆಗೆ, ಗೋಡೆಯಿಂದ ಅಟ್ಟಕ್ಕೆ! ಎರಡು ರಾತ್ರಿ ಮನೆಮಂದಿ ಪಕ್ಕದ ಮನೆಯಲ್ಲಿ ಮಲಗಿದರು. ಮೂರನೆಯ ದಿನ ಗೋಣಿಚೀಲಗಳ ಹಿಂದೆ ಸಿಕ್ಕಿದ್ದನ್ನು ಡಬ್ಬಿ ಕವುಚಿ ಹಿಡಿದು ಮರಕ್ಕೆ ಬಿಟ್ಟೆವು. ಅದು ನಮ್ಮನ್ನು ಕಚ್ಚಲಿಲ್ಲ. ಓಡಲು ದಾರಿ ಹುಡುಕಿದ್ದಕ್ಕೆ ನಮ್ಮ ತೋಳು ಕೊಂಬೆಯಾಗಿ ಒದಗಿತು, ಅಷ್ಟೇ. ಭುಜಕ್ಕೆ ಬಂದಾಗ ಗಾಬರಿಯಿಂದ ಕೈಯಲ್ಲಿ ಒತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು.

ಇನ್ನು ಸಾಕುವವರು ಪಾಲಿಸಬೇಕಾದ ಕ್ರಮಗಳು. ಸದಸ್ಯರ ಮಗನಿಗೆ ನಾವು ಬರೆದು ಕಳಿಸಿದ್ದು ಹೀಗಿದೆ:

1. ಪೆಟ್ಟಿಗೆ ಅಗಲಕ್ಕಿಂತ ಎತ್ತರವಾಗಿರಲಿ, ಏಕೆಂದರೆ ಇದು ಮರವಾಸಿ. ಒಳಗೆ ನೆಟ್ಟಗೆ ನಿಲ್ಲಿಸಿದ ಟೊಳ್ಳು ತೊಗಟೆ ಇರಲೇಬೇಕು. ಅಡಗಲು ಜಾಗವಿರುವ ಜೇಡ ಅಲ್ಲಿಗೆ ಓಡುತ್ತದೆ. ಇಲ್ಲದ ಜೇಡ ಹೊರಕ್ಕೆ ಓಡುತ್ತದೆ. ಗಾಳಿಯ ರಂಧ್ರಗಳು ಸಣ್ಣವಿರಲಿ, ಬಾಗಿಲಿಗೆ ಬೀಗವಿರಲಿ.

2. ಕೆಲಸವೆಲ್ಲ ಹಗಲಿನಲ್ಲಿ. ಜೇಡ ಎಲ್ಲಿದೆಯೆಂದು ಕಣ್ಣಾರೆ ಕಾಣದೆ ಬಾಗಿಲು ತೆಗೆಯಕೂಡದು. ಅದು ಬಾಗಿಲಿಗೇ ಅಂಟಿ ಕುಳಿತಿರುವುದುಂಟು. ಮೊದಲು ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಮಕ್ಕಳನ್ನೂ ಬೆಕ್ಕನ್ನೂ ಹೊರಗೆ ಕಳಿಸಬೇಕು.

3. ಪೆಟ್ಟಿಗೆಯೊಳಗೆ ಕೈ ಹೋಗಬಾರದು. ಒಂದಡಿ ಉದ್ದದ ಚಿಮಟ, ಮೆತ್ತನೆಯ ಬ್ರಷ್, ಅಗಲ ಬಾಯಿಯ ಪಾರದರ್ಶಕ ಡಬ್ಬಿ, ಒಂದು ಗಟ್ಟಿ ರಟ್ಟು ಪಕ್ಕದಲ್ಲೇ ಇರಲಿ. ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಬಾರದು. ನಿಂತಮೇಲೆ ಡಬ್ಬಿ ಕವುಚಿ, ಅಡಿಗೆ ನಿಧಾನವಾಗಿ ರಟ್ಟು ತೂರಿಸಬೇಕು.

4. ಬೆಳೆದ ಜೇಡಕ್ಕೆ ವಾರಕ್ಕೊಮ್ಮೆ ಒಂದೆರಡು ಮಿಡತೆ ಅಥವಾ ಜಿರಳೆ ಸಾಕು. ನೀರಿನ ಬಟ್ಟಲು ಸದಾ ಇರಲಿ. ಔಷಧಿ ಹೊಡೆದ ಜಾಗದ ಹುಳು ಬೇಡ. ಸೊಳ್ಳೆಬತ್ತಿ, ಜಿರಳೆ ಸ್ಪ್ರೇ ಆ ಕೋಣೆಯಲ್ಲಿ ಬೇಡವೇ ಬೇಡ. ಹುಳವನ್ನು ಕೊಲ್ಲುವ ಔಷಧಿ ಜೇಡವನ್ನೂ ಕೊಲ್ಲುತ್ತದೆ.

5. ಮೇವು ಬಿಟ್ಟು ಮಂಕಾದರೆ ಪೊರೆ ಕಳಚುವ ಕಾಲ ಬಂದಿರಬಹುದು. ಆಗ ಮುಟ್ಟಬಾರದು, ಜೀವಂತ ಹುಳುವನ್ನು ಒಳಗೆ ಬಿಡಬಾರದು. ಹೊಸ ಮೈ ಮೆತ್ತಗಿರುವಾಗ ಸಣ್ಣ ಮಿಡತೆಯೂ ಗಾಯ ಮಾಡೀತು.

ಕಚ್ಚಿದರೆ ಏನಾಗುತ್ತದೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಈ ಕುಲದ ಜೇಡ ಕಚ್ಚಿ ಸತ್ತವರ ದಾಖಲೆಯಿಲ್ಲ. ಆದರೆ ನೋವು ಸಣ್ಣದಲ್ಲ. ನಮ್ಮ ತೋಟದಲ್ಲೇ 2016ರ ಮರಗಸಿಯಲ್ಲಿ ಪೊಟರೆಯ ಅಂಚು ಹಿಡಿದವನ ಬೆರಳಿಗೆ ಕಚ್ಚಿತು. ಉರಿ, ಬಾವು. ಮಾರನೆಯ ದಿನ ಬಾವು ಇಳಿಯಿತೆಂದು ಅವನು ಕೆಲಸಕ್ಕೂ ಬಂದ. ಅಂದು ರಾತ್ರಿ ಮೀನಖಂಡ, ತೊಡೆ, ಸೊಂಟ ಸೆಟೆದುಕೊಂಡು ಮಲಗಲಾರದೆ ಒದ್ದಾಡಿದ. ಮನೆಯವರು ಇದಕ್ಕೂ ಜೇಡಕ್ಕೂ ಸಂಬಂಧ ಕಲ್ಪಿಸದೆ ಯಂತ್ರ ಕಟ್ಟಿಸಲು ಹೊರಟಿದ್ದರು. ಗಂಟೆಗಳು ಕಳೆದ ಮೇಲೆ, ಕೆಲವೊಮ್ಮೆ ದಿನ ಕಳೆದ ಮೇಲೆ, ಕಚ್ಚಿದ ಜಾಗದಿಂದ ದೂರದ ಸ್ನಾಯುಗಳು ಹೀಗೆ ಸೆಟೆಯುವುದು ಈ ವಿಷದ ಗುಣ. ಯುರೋಪಿನಲ್ಲಿ ಸಾಕುವವರಿಗೂ ಹೀಗೆಯೇ ಆದದ್ದನ್ನು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ. ಆಸ್ಪತ್ರೆಯ ಚಿಕಿತ್ಸೆಯಿಂದ ಅವನು ವಾರದೊಳಗೆ ಚೇತರಿಸಿಕೊಂಡ.

ಆದ್ದರಿಂದ ಕಚ್ಚಿದೊಡನೆ ಉಂಗುರ, ಬಳೆ ತೆಗೆದು, ಸೋಪಿನಿಂದ ತೊಳೆದು, ತಣ್ಣೀರ ಬಟ್ಟೆ ಕಟ್ಟಿ ವೈದ್ಯರಲ್ಲಿಗೆ ಹೋಗಬೇಕು. ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಕೂಡದು. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಇದಕ್ಕೆ ನಾಟದು. ಕಚ್ಚಿದ್ದು ಜೇಡವೆಂದು ತಿಳಿದಿದ್ದರೆ ಸ್ಪಷ್ಟವಾಗಿ ಹೇಳಬೇಕು. ಎರಡನೆಯ ದಿನ ಸೆಳೆತ ಬಂದರೆ ಮತ್ತೆ ಹೋಗಬೇಕು. ಎದೆ ಬಿಗಿತ, ಉಸಿರಿನ ತೊಂದರೆ ಕಂಡರೆ ಒಂದು ಗಳಿಗೆಯೂ ತಡ ಮಾಡಬಾರದು.

ಕೊನೆಯದಾಗಿ ನಮ್ಮ ಮನೆಬಾಗಿಲಿನ ವಿಷಯ. ಪೊಟರೆಯ ಜೇಡಕ್ಕೆ ಹಣ ಕೊಡುತ್ತೇವೆಂದು ಆಳುಗಳನ್ನು ಕೇಳುವವರು ಬಂದರೆ ಸದಸ್ಯರು ಅಂಥವರನ್ನು ತೋಟದೊಳಗೆ ಬಿಡಬಾರದು. ಈ ಕುಲವಿಡೀ 2019ರಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿತು. ಆ ಒಪ್ಪಂದದ ಪ್ರಾಣಿಗಳನ್ನು ನಮ್ಮ ವನ್ಯಜೀವಿ ಕಾಯ್ದೆಯೊಳಗೆ ತರುವ ತಿದ್ದುಪಡಿ 2022ರಲ್ಲಿ ಆಯಿತು. ಆಂಧ್ರದ ಗುತ್ತಿಯ ಹೆಸರು ಹೊತ್ತ ನೀಲಿ ಜೇಡ ಇದೇ ಕುಲದ್ದು; ಕಾಡು ಕರಗಿದ್ದರಿಂದಲೂ ಸಾಕುವವರ ಆಸೆಯಿಂದಲೂ ಅದು ಅಳಿವಿನ ಅಂಚಿಗೆ ಬಂದು ನಿಂತಿದೆ. ಹತ್ತು ವರ್ಷ ಬಾಳುವ ಹೆಣ್ಣನ್ನು ಒಂದು ಮರದಿಂದ ಒಯ್ದರೆ ಆ ಪೊಟರೆ ಬೇಗ ತುಂಬುವುದಿಲ್ಲ. ಹಳೆಯ ಹಲಸು, ಅತ್ತಿ, ನಂದಿ ಕಡಿದು ಸಿಲ್ವರ್ ಓಕ್ ಒಂದನ್ನೇ ಬೆಳೆಸುತ್ತ ಹೋದರೆ ಪೊಟರೆಯೇ ಉಳಿಯದು.

ಸದಸ್ಯರ ಮಗನಿಂದ ಉತ್ತರ ಬಂದಿದೆ. ಪೆಟ್ಟಿಗೆಗೆ ಬೀಗ ಹಾಕಿದ್ದಾನೆ, ಉದ್ದದ ಚಿಮಟ ಕೊಂಡಿದ್ದಾನೆ, ಜೊತೆಯಲ್ಲಿರುವ ಗೆಳೆಯನಿಗೂ ವಿಷಯ ತಿಳಿಸಿದ್ದಾನೆ. ತಾಯಿ ಊಟ ಮಾಡುತ್ತಿದ್ದಾರೆ. ನಮ್ಮ ಕೋರಿಕೆ ಇಷ್ಟೇ: ಈ ಸಲ ಮರ ಹತ್ತುವವರಿಗೆ ಪೊಟರೆಗೆ ಕೈ ಹಾಕುವ ಮುನ್ನ ಕೋಲಿನಿಂದ ನಾಲ್ಕು ಬಾರಿ ತಟ್ಟಲು ಹೇಳಿರಿ. ತಟ್ಟಿದ ಸದ್ದಿಗೆ ಜೇಡ ಒಳಗೆ ಸರಿಯುತ್ತದೆ. ಅದಕ್ಕೆ ಬೇಕಾದದ್ದೂ ಅದೇ.