ಕೆಲಸ ತಾತ್ಕಾಲಿಕ, ಕೈಕಾಲು ತಾತ್ಕಾಲಿಕವಲ್ಲ

ಬೆಳಗ್ಗೆ ಆರು ಗಂಟೆಗೆ ನಾನು ವಾಕಿಂಗ್ ಹೊರಡುವಷ್ಟರಲ್ಲಿ ನಮ್ಮ ಆವತಿಯ ಹೆದ್ದಾರಿ ಪಕ್ಕದಲ್ಲಿ ಹುಡುಗ ಹುಡುಗಿಯರ ಸಾಲು ನಿಂತಿರುತ್ತದೆ. ಹೆಗಲಿಗೊಂದು ಬ್ಯಾಗು, ಅದರೊಳಗೊಂದು ಊಟದ ಡಬ್ಬಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ವಿಮಾನ ನಿಲ್ದಾಣದ ಕಡೆ ಕೆಲಸಕ್ಕೆ ಹೋಗುವವರು. ಬೇಸಿಗೆ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಒಂದು ದಿನ ಜೊತೆಗೆ ಬಂದಳು. ಎಂಟನೇ ತರಗತಿ ಮುಗಿಸಿದ ಹುಡುಗಿ, ಕಣ್ಣು ಚುರುಕು.

"ತಾತ, ಕೆಲವರ ಕೊರಳಲ್ಲಿ ನೀಲಿ ದಾರ ಇದೆ, ಕೆಲವರದ್ದು ಹಳದಿ. ಯಾಕೆ?"

"ನೀಲಿಯವರು ಕಾಯಂ ನೌಕರರು ಕಣಮ್ಮ. ಹಳದಿಯವರು ಕಾಂಟ್ರ್ಯಾಕ್ಟ್."

"ಆ ಟೆಂಪೋ ಹತ್ತಿದವರಿಗೆ ದಾರಾನೇ ಇಲ್ಲ?"

"ಅವರು ದಿನಗೂಲಿಯವರು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ."

ಅವಳು ಸ್ವಲ್ಪ ದೂರ ಸುಮ್ಮನೆ ನಡೆದಳು. ಆಮೇಲೆ ಕೇಳಿದಳು: "ಹಾಗಾದರೆ ಅವರಿಗೆ ಏನಾದರೂ ಆದರೆ, ಇವರು ಯಾರು ಅಂತ ಹೇಗೆ ಗೊತ್ತಾಗುತ್ತೆ?"

ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ಹೆಸರು, ಸಹಿ, ಲೆಕ್ಕ ಸರಿಯಿದೆಯೇ ಎಂದು ನೋಡಿದವನು ನಾನು. ಆದರೂ ಅವಳ ಪ್ರಶ್ನೆಗೆ ತಟ್ಟನೆ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಗಿನಿಂದ ಬಂದು ಬದುಕು ಕಟ್ಟಿಕೊಳ್ಳುವುದು ಆವತಿಗೆ ಹೊಸತಲ್ಲ. ಈ ಊರಿನ ಪಾಳೆಯಗಾರ ರಣಭೈರೇಗೌಡರ ಮನೆತನವೇ ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದದ್ದೆಂದು ಹಿರಿಯರು ಹೇಳುತ್ತಾರೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಪೂರ್ವಿಕರೂ ಇದೇ ಆವತಿ ನಾಡಪ್ರಭುಗಳು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಬಂಡಿಯ ಬದಲು ರೈಲಿನಲ್ಲಿ ಬರುವವರು ಹೆಚ್ಚಾದರು. ಬಿಹಾರ, ಒಡಿಶಾ, ಅಸ್ಸಾಂನವರಿದ್ದಾರೆ, ನಮ್ಮದೇ ರಾಯಚೂರು, ಯಾದಗಿರಿಯವರಿದ್ದಾರೆ. ದುಡಿಯಲು ಬಂದವರು ಬಂದ ಹಾಗೆಯೇ ಕೈಕಾಲು ಗಟ್ಟಿಯಾಗಿ ಮನೆಗೆ ಮರಳಬೇಕಲ್ಲವೇ?

ಮೂರು ಊರು, ಮೂರು ಅಪಘಾತ

2023ರ ಅಕ್ಟೋಬರ್ 7, ಶನಿವಾರ. ದೀಪಾವಳಿಗೆ ಇನ್ನೂ ಒಂದು ತಿಂಗಳಿತ್ತು. ತಮಿಳುನಾಡಿನ ಗಡಿಗೆ ಹೊಂದಿಕೊಂಡಿರುವ ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮಿಗೆ ಮಧ್ಯಾಹ್ನ ಬೆಂಕಿ ಬಿತ್ತು. ವಾಹನದಿಂದ ಪಟಾಕಿ ಪೆಟ್ಟಿಗೆ ಇಳಿಸುತ್ತಿದ್ದ ಹೊತ್ತು. ಅಂದೇ 14 ಮಂದಿ ಸತ್ತರು. ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದವರಲ್ಲೂ ಕೆಲವರು ಉಳಿಯಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ತಮಿಳುನಾಡಿನ ಹಳ್ಳಿಗಳ ಹುಡುಗರು. ಹಬ್ಬದ ಹಂಗಾಮಿನಲ್ಲಿ ನಾಲ್ಕು ಕಾಸು ಸಂಪಾದಿಸಿ ಓದಿಗೆ, ಮನೆಗೆ ಆಗಲೆಂದು ಬಂದಿದ್ದ ವಿದ್ಯಾರ್ಥಿಗಳೂ ಅವರಲ್ಲಿದ್ದರು.

ಎರಡನೆಯದು ಮಂಗಳೂರಿನ ಬಜ್ಪೆ ಕಡೆಯದು. 2022ರ ಏಪ್ರಿಲ್ 17, ಭಾನುವಾರ. ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಮೀನಿನ ತ್ಯಾಜ್ಯ ತುಂಬುವ ತೊಟ್ಟಿಯೊಳಗೆ ಒಬ್ಬ ಕುಸಿದು ಬಿದ್ದ. ಅವನನ್ನು ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಕೊನೆಗೆ ಐವರು ಪ್ರಾಣ ಬಿಟ್ಟರು. ಐವರೂ ಪಶ್ಚಿಮ ಬಂಗಾಳದಿಂದ ಬಂದವರು.

ಮಕ್ಕಳೇ, ಇದರ ಕಾರಣವನ್ನು ನೀವು ವಿಜ್ಞಾನದ ಪಾಠಕ್ಕೆ ಸೇರಿಸಿಕೊಳ್ಳಬೇಕು. ಮೀನು, ಸಗಣಿ, ಕೊಳಚೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ಆದ್ದರಿಂದ ತೊಟ್ಟಿಯ ತಳದಲ್ಲೇ ಕೂರುತ್ತದೆ. ಸ್ವಲ್ಪವೇ ಇದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. 'ವಾಸನೆ ಇಲ್ಲ, ಅಪಾಯ ಇಲ್ಲ' ಎಂದು ಇಳಿದವನು ಕ್ಷಣದಲ್ಲಿ ಕುಸಿಯುತ್ತಾನೆ. ಅವನನ್ನು ಕಾಪಾಡಲು ಇಳಿದವನ ಗತಿಯೂ ಅಷ್ಟೇ. ನಮ್ಮ ಹಳ್ಳಿಯ ಗೋಬರ್ ಗ್ಯಾಸ್ ಗುಂಡಿ, ಮ್ಯಾನ್‌ಹೋಲ್, ಶೌಚದ ಗುಂಡಿಗಳಿಗೂ ಇದೇ ಮಾತು. ಯಾರಾದರೂ ಒಳಗೆ ಬಿದ್ದರೆ ನೀವು ಇಳಿಯಬೇಡಿ. ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ. ಉಸಿರಾಟದ ಸಾಧನ ಹಾಕಿಕೊಂಡ ಅಗ್ನಿಶಾಮಕ ಸಿಬ್ಬಂದಿ ಮಾತ್ರ ಇಳಿಯಬೇಕು.

ಮೂರನೆಯದು ನಮಗೆ ಹತ್ತಿರದ್ದು. ನಮ್ಮ ಹೆದ್ದಾರಿಯಲ್ಲೇ ಚಿಕ್ಕಬಳ್ಳಾಪುರ ದಾಟಿ ಹೋದರೆ ಹಿರೇನಾಗವಲ್ಲಿ. 2021ರ ಫೆಬ್ರುವರಿ 22ರ ರಾತ್ರಿ ಅಲ್ಲಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಸತ್ತರು. ಕಲ್ಲು ಕ್ವಾರಿಗೆ ತರಿಸಿದ್ದ ಸ್ಫೋಟಕವನ್ನು ರಾತ್ರೋರಾತ್ರಿ ಬೇರೆಡೆ ಸಾಗಿಸಿ ವಿಲೇವಾರಿ ಮಾಡಲು ಹೊರಟಿದ್ದರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಜನವರಿ 21ರಂದು, ಶಿವಮೊಗ್ಗದ ಹುಣಸೋಡಿನಲ್ಲಿ ಇಂಥದೇ ಸ್ಫೋಟವಾಗಿ ನಾಡೇ ಬೆಚ್ಚಿಬಿದ್ದಿತ್ತು. ಆ ಒಂದು ತಿಂಗಳಲ್ಲಿ ನಾವು ಪಾಠ ಕಲಿಯಲಿಲ್ಲ.

ಹೊಸಬನಿಗೇ ಏಕೆ ಪೆಟ್ಟು?

ಕಾಯಂ ನೌಕರನಿಗೆ ಆ ಜಾಗ ಮನೆಯಿದ್ದಂತೆ. ಯಾವ ಯಂತ್ರ ಹಟಮಾರಿ, ಯಾವ ಬಾಗಿಲು ಹೊರಕ್ಕೆ, ಯಾವ ಸ್ವಿಚ್ ಮುಟ್ಟಬಾರದು ಎಂಬುದು ಅವನಿಗೆ ಬಾಯಿಪಾಠ. ತಾತ್ಕಾಲಿಕ ಕೆಲಸಗಾರನಿಗೆ ಪ್ರತಿದಿನವೂ ಮೊದಲ ದಿನ. ಕೇಳೋಣವೆಂದರೆ ಭಾಷೆ ಬಾರದು. ಭಾಷೆ ಬಂದರೂ, ಹೆಚ್ಚು ಕೇಳಿದರೆ ನಾಳೆ ಬರಬೇಡ ಎಂದಾರೆಂಬ ಭಯ. ಕಾಯಂನವರು ಒಲ್ಲದ ಕೆಲಸ, ಅಂದರೆ ತೊಟ್ಟಿ ತೊಳೆಯುವುದು, ಎತ್ತರಕ್ಕೆ ಹತ್ತುವುದು, ಭಾರ ಇಳಿಸುವುದು, ಬರುವುದೂ ಇವರ ಪಾಲಿಗೇ.

ಯಂತ್ರಗಳಲ್ಲಿ ಕೈ ಉಳಿಸುವ ಜಾಣತನ ಇಲ್ಲವೆಂದಲ್ಲ. ತಗಡಿಗೆ ಅಚ್ಚು ಒತ್ತುವ ಪವರ್ ಪ್ರೆಸ್ಸಿಗೆ ಎರಡು ಗುಂಡಿ ಇಟ್ಟಿರುತ್ತಾರೆ. ಎರಡೂ ಕೈಯಿಂದ ಎರಡೂ ಗುಂಡಿಯನ್ನು ಒಟ್ಟಿಗೆ ಒತ್ತಿದರಷ್ಟೇ ಅಚ್ಚು ಕೆಳಗಿಳಿಯುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಸಿಗುವ ಕೈ ಎಲ್ಲಿದೆ? ಆದರೆ ಕೆಲಸ ಬೇಗ ಸಾಗಲೆಂದು ಒಂದು ಗುಂಡಿಯನ್ನು ಟೇಪು ಸುತ್ತಿ ಒತ್ತಿಹಿಡಿದುಬಿಟ್ಟರೆ ಆ ಜಾಣತನ ನೀರಿನಲ್ಲಿ ಹೋಮ. ಹಾಗೆಯೇ, ಯಂತ್ರದ ಒಳಗೆ ಕೈ ಹಾಕಿ ರಿಪೇರಿ ಮಾಡುವವನು ಮೊದಲು ಮೇನ್ ಸ್ವಿಚ್ ಆರಿಸಿ, ಅದಕ್ಕೆ ತನ್ನ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಆಗ ತಿಳಿಯದೆ ಬಂದ ಇನ್ನೊಬ್ಬ ಯಂತ್ರ ಚಾಲೂ ಮಾಡಲಾರ. ಇವೆರಡನ್ನೂ ಹೊಸಬನಿಗೆ ಹೇಳಿಕೊಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಉಳಿಸಲು ಹೋದಾಗಲೇ ಬೆರಳು ಹೋಗುವುದು.

ಬಾಗಿಲಿನ ಮಾತಿಗೂ ಹಳೆಯ ಕಥೆಯಿದೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಹೆಚ್ಚಿನವರು ಹೊರದೇಶಗಳಿಂದ ಬಂದ ಎಳೆಯ ಹೆಣ್ಣುಮಕ್ಕಳು. ಹೊರಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಆ ಸಾವುಗಳ ನಂತರ ಅಲ್ಲಿ ಕಾರ್ಖಾನೆ ಕಾನೂನುಗಳೇ ಬದಲಾದವು. ನಮ್ಮಲ್ಲೂ ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರ ಮಾರ್ಚ್ 4ರಂದು ಹುಟ್ಟಿತು. ಅದಕ್ಕೇ ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ.

ಕೌಂಟರಿನಲ್ಲಿ ಕಂಡ ಇಬ್ಬರು ತಾಯಂದಿರು

ಈಗ ಮೊಮ್ಮಗಳ ಪ್ರಶ್ನೆಗೆ ಬರುತ್ತೇನೆ. ತೊಂಬತ್ತರ ದಶಕದಲ್ಲಿ ನಾನಿದ್ದ ಶಾಖೆಗೆ ಇಬ್ಬರು ಹೆಣ್ಣುಮಕ್ಕಳು ಬರುತ್ತಿದ್ದರು. ಇಬ್ಬರೂ ಕೆಲಸದ ಜಾಗದಲ್ಲಿ ಗಂಡನನ್ನು ಕಳೆದುಕೊಂಡವರು.

ಮೊದಲನೆಯವರ ಗಂಡನ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಪರಿಹಾರದ ಹಣ ಕಮಿಷನರ್ ಮುಂದೆ ಜಮೆಯಾಗಿ, ಅವರ ಆದೇಶದಂತೆ ಎರಡು ಮಕ್ಕಳ ಹೆಸರಿನಲ್ಲಿ ನಮ್ಮ ಶಾಖೆಯಲ್ಲಿ ಠೇವಣಿಯಾಯಿತು. ಮಕ್ಕಳಿಗೆ 18 ತುಂಬುವವರೆಗೆ ಆದೇಶವಿಲ್ಲದೆ ಮುರಿಯುವಂತಿಲ್ಲ. ಆಕೆ ಬಡ್ಡಿ ತೆಗೆಯಲು ಬಂದಾಗಲೆಲ್ಲ ಆ ರಸೀದಿಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ವರ್ಷಗಳ ಮೇಲೆ ದೊಡ್ಡ ಮಗನೇ ಬಂದ. "ಸಾರ್, ಐಟಿಐ ಸೇರ್ತಿದ್ದೀನಿ" ಎಂದ. ಅವನ ಮೊದಲ ಸಹಿಯನ್ನು ತಾಳೆ ನೋಡಿದ್ದು ನಾನೇ.

ಎರಡನೆಯವರ ಗಂಡ ಕಟ್ಟಡದ ಸಾರುವೆಯಿಂದ ಬಿದ್ದವನು. ಮೇಸ್ತ್ರಿ ಕವರಿನಲ್ಲಿ ಸ್ವಲ್ಪ ಹಣ ಕೊಟ್ಟು, 'ಇನ್ನೇನೂ ಕೇಳುವುದಿಲ್ಲ' ಎಂಬ ಕಾಗದಕ್ಕೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಗಂಡನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಆಕೆ ಬಂದದ್ದು ಉಳಿತಾಯ ಖಾತೆಯಲ್ಲಿದ್ದ ಚೂರುಪಾರು ಹಣ ತೆಗೆಯಲು. ಆಮೇಲೆ ಆ ಖಾತೆ ಹಾಗೇ ನಿಂತಿತು. ಆ ಹೆಬ್ಬೆಟ್ಟಿನ ಕಾಗದಕ್ಕೆ ಬೆಲೆಯೇ ಇಲ್ಲವೆಂದು ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ. ಆ ನೋವು ಇವತ್ತಿಗೂ ಇದೆ.

ಕಾನೂನು ಹೀಗಿದೆ. 1923ರ ಪರಿಹಾರ ಕಾಯ್ದೆಯ ಪ್ರಕಾರ, ಗುತ್ತಿಗೆದಾರನ ಮೂಲಕ ಬಂದವನಾದರೂ, ಅದು ಮಾಲೀಕನ ಮಾಮೂಲಿ ವ್ಯವಹಾರದ ಕೆಲಸವಾಗಿದ್ದರೆ ಮಾಲೀಕನೇ ಹೊಣೆ. ಸಾವಿನ ಪರಿಹಾರವನ್ನು ಕೈಗೆ ಕೊಡುವಂತಿಲ್ಲ, ಕಮಿಷನರ್ ಬಳಿ ಜಮೆ ಮಾಡಬೇಕು. ಹಕ್ಕು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕಾಗದ ಅನೂರ್ಜಿತ. ಈ ಕಾಯ್ದೆ ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಕೆಲಸದ ನಿಮಿತ್ತ ಆಗುವ ಅಪಘಾತವನ್ನೂ ಹೊಸ ಸಂಹಿತೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಟೆಂಪೋ ಕಾಯುವವರಿಗೆ ಇದು ಸಣ್ಣ ಮಾತಲ್ಲ.

ಲೆಕ್ಕ ಮಾಡದೆ ನನಗೆ ಸಮಾಧಾನವಿಲ್ಲ. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 20 ವರ್ಷದವನಿಗೆ ಆ ಅಂಕಿ 224, 30ಕ್ಕೆ 207.98, 50ಕ್ಕೆ 153.09. ಸಂಬಳ 12,000 ರೂಪಾಯಿ ಇದ್ದ 20ರ ಹುಡುಗನಿಗೆ 6,000ವನ್ನು 224ರಿಂದ ಗುಣಿಸಿ, 13,44,000 ರೂಪಾಯಿ. ಅದೇ ಸಂಬಳವನ್ನು ಪುಸ್ತಕದಲ್ಲಿ 6,000 ಎಂದು ಬರೆದಿದ್ದರೆ ಮನೆಯವರಿಗೆ ಸಿಗುವುದು 6,72,000. ಹೆಸರೇ ಬರೆಯದಿದ್ದರೆ, ಅವನು ಅಲ್ಲಿ ದುಡಿದನೆಂದು ರುಜುವಾತು ಮಾಡುವುದೇ ಮನೆಯವರಿಗೆ ಬೆಟ್ಟ ಹತ್ತಿದಂತೆ.

ಹತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ, 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ ಇದೆ. ಅದು ಗುತ್ತಿಗೆಯವರಿಗೂ ಸಲ್ಲುತ್ತದೆ. 12,000 ಸಂಬಳಕ್ಕೆ ನೌಕರನಿಂದ ಶೇ 0.75, ಅಂದರೆ 90 ರೂಪಾಯಿ. ಮಾಲೀಕನಿಂದ ಶೇ 3.25, ಅಂದರೆ 390 ರೂಪಾಯಿ. ಕೆಲಸದಲ್ಲಿ ಪೆಟ್ಟಾದರೆ ಮೊದಲ ದಿನದಿಂದಲೇ ರಕ್ಷಣೆ. ಆಗ ಪರಿಹಾರ ಬರುವುದು ಇಎಸ್‌ಐ ಕಡೆಯಿಂದ.

ಹೊರಡುವ ಮುನ್ನ ಕೇಳಿ

ಅಜ್ಜ ಅಜ್ಜಿಯರೇ, ರಜೆಯಲ್ಲಿ ಮೊಮ್ಮಗ ಕೆಲಸಕ್ಕೆ ಹೋಗುತ್ತೇನೆಂದರೆ ಮೊದಲು ವಯಸ್ಸು ನೋಡಿ. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರೊಳಗಿನವರನ್ನು ಗಣಿ, ಸ್ಫೋಟಕದಂಥ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. 2016ರ ತಿದ್ದುಪಡಿಯಿಂದ ಇದು ಕಾನೂನು. ಇದಕ್ಕೆ ವಿರುದ್ಧವಾದದ್ದು ಕಂಡರೆ 1098ಕ್ಕೆ ತಿಳಿಸಿ.

ವಯಸ್ಸಾದ ಮಕ್ಕಳು ಹೊರಟರೆ ಈ ಐದು ಪ್ರಶ್ನೆ ಕೇಳಿಸಿ:

1. ನನ್ನ ಹೆಸರು, ನಿಜವಾದ ಸಂಬಳ ಯಾವ ಪುಸ್ತಕದಲ್ಲಿದೆ? ನೇಮಕಾತಿ ಪತ್ರ ಕೊಡುತ್ತೀರಾ?

2. ಸಂಬಳ ಬ್ಯಾಂಕ್ ಖಾತೆಗೆ ಬರುತ್ತದೆಯೇ? (ಪಾಸ್‌ಬುಕ್ಕಿನ ಒಂದು ಸಾಲು ನಾಳೆ ದೊಡ್ಡ ಸಾಕ್ಷಿ.)

3. ಇಎಸ್‌ಐ ಸಂಖ್ಯೆ ಯಾವುದು?

4. ಬೆಂಕಿ ಬಿದ್ದರೆ ಹೊರಹೋಗುವ ಬಾಗಿಲು ಎಲ್ಲಿ? ಅದಕ್ಕೆ ಬೀಗವಿಲ್ಲ ತಾನೆ?

5. ಈ ಯಂತ್ರ ನಿಲ್ಲಿಸುವುದು ಹೇಗೆ, ಯಾರು ಕಲಿಸುತ್ತಾರೆ?

ಮನೆಯಲ್ಲೂ ಒಂದು ಕೆಲಸವಿದೆ. ಯಾವ ಊರು, ಯಾವ ಕಾರ್ಖಾನೆ, ಯಾವ ಮೇಸ್ತ್ರಿ, ಅವನ ಫೋನ್ ನಂಬರ್ ಏನು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಗಣಿಗಳಲ್ಲಿ ಹಳೆಯ ಪದ್ಧತಿಯೊಂದಿದೆ. ಒಳಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ. ಕೆಲಸ ಮುಗಿದ ಮೇಲೆ ಬಿಲ್ಲೆಗಳ ಲೆಕ್ಕ ನೋಡುತ್ತಾರೆ. ಒಂದು ಕಡಿಮೆ ಬಂದರೂ ಒಬ್ಬ ಇನ್ನೂ ಕೆಳಗಿದ್ದಾನೆಂದು ಅರ್ಥ. ಅವನನ್ನು ಹುಡುಕಲು ಹೊರಡುತ್ತಾರೆ.

ಮೊನ್ನೆ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಮಾರನೇ ದಿನ ವಾಕಿಂಗಿನಲ್ಲಿ ಅವಳು ಟೆಂಪೋ ಹತ್ತುತ್ತಿದ್ದ ಒಬ್ಬಳು ಹುಡುಗಿಯನ್ನು, "ಅಕ್ಕ, ನಿಮ್ಮ ಹೆಸರು ಬರ್ಕೊಂಡಿದ್ದಾರಾ?" ಎಂದು ಕೇಳಿಯೇಬಿಟ್ಟಳು. ಆ ಹುಡುಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಡ್ರೈವರ್ ಪಕ್ಕ ಕೂತಿದ್ದ ಮೇಸ್ತ್ರಿಯ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದಳು.