ಪಾಲಿಗೆ ಮೊದಲು ಮೊತ್ತ

ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುವುದನ್ನು ನೀವು ನೋಡಿರಬಹುದು. ಈ ಕೃಷ್ಣೆಯ ನೀರಿಗಾಗಿ ಮಹಾರಾಷ್ಟ್ರ, ಮೈಸೂರು (ಇಂದಿನ ಕರ್ನಾಟಕ), ಆಂಧ್ರಪ್ರದೇಶಗಳು 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿಯ ಮುಂದೆ ನಿಂತವು. ಪಾಲಿನ ವಿಷಯದಲ್ಲಿ ಯಾರೂ ಪಟ್ಟು ಸಡಿಲಿಸಲಿಲ್ಲ. ಆದರೂ ಒಂದು ಮಾತಿಗೆ ಮೂವರೂ ಒಪ್ಪಿದರು: ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ನೆಚ್ಚಬಹುದಾದ ನೀರು 2060 ಟಿ.ಎಂ.ಸಿ. ಹಾಸ್ಟೆಲಿನಲ್ಲಿ ಖರ್ಚಿನ ತಕರಾರು ಬಂದಾಗ ನೀವೂ ಹೀಗೆ ಮಾಡಿ ನೋಡಿ. ಯಾರದೆಷ್ಟು ಎನ್ನುವ ಮೊದಲು ಒಟ್ಟು ಎಷ್ಟೆಂದು ಕೂಡಿಸಿ.

1973ರ ತೀರ್ಪು ಆ ಮೊತ್ತವನ್ನೇ ಮೂರು ರಾಜ್ಯಗಳಿಗೆ ಹಂಚಿತು. ಅರ್ಥವಾಗದ್ದಕ್ಕೆ ವಿವರಣೆ ಕೇಳಲು ಕಾನೂನು ಮೂರು ತಿಂಗಳು ಕೊಡುತ್ತದೆ. ರಾಜ್ಯಗಳು ಕೇಳಿದವು, ಉತ್ತರ 1976ರಲ್ಲಿ ಬಂತು. ನಿಧಾನವೇ ಸರಿ. 2060ನ್ನು ಮೀರಿ ಹರಿಯುವ ನೀರಿನ ಹಂಚಿಕೆ ಮಾತ್ರ ಉಳಿಯಿತು. ಅದರ ಚರ್ಚೆ 2004ರಲ್ಲಿ ರಚನೆಯಾದ ಎರಡನೇ ನ್ಯಾಯಮಂಡಳಿಗೆ ಹೋಯಿತು.