ಇಂದ್ರಕೀಲಾದ್ರಿ ಸ್ಟ್ಯಾಕಿನಲ್ಲಿ ಹಿಡಿಸದು

ವಿಜಯವಾಡದ ಇಂದ್ರಕೀಲಾದ್ರಿಯ ಬುಡದಲ್ಲೇ, ಕೃಷ್ಣಾ ನದಿಗೆ ಅಡ್ಡಲಾಗಿ, ಪ್ರಕಾಶಂ ಬ್ಯಾರೇಜ್. ಉದ್ದ 1,223.5 ಮೀಟರ್, ಗೇಟುಗಳು 70. 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ಈ ಗೇಟುಗಳಿಂದ ಹೊರಬಿದ್ದ ನೀರು 11 ಲಕ್ಷ ಕ್ಯೂಸೆಕ್ ದಾಟಿತ್ತು. ಮಹಾಬಲೇಶ್ವರದಲ್ಲಿ ಸುರಿದು ಕೃಷ್ಣೆಯನ್ನು ಸೇರಿದ ಮಳೆಗೂ ನಮ್ಮ ಗಂಗಾಮೂಲದಲ್ಲಿ ಸುರಿದು ಅದೇ ನದಿಗೆ ಬಂದ ಮಳೆಗೂ ಸಮುದ್ರದ ದಾರಿ ಇದೇ. ಕೃಷ್ಣೆಯ ಜಲಾನಯನ ಪ್ರದೇಶ 2,58,948 ಚದರ ಕಿ.ಮೀ.; ಅದರಲ್ಲಿ 1,13,271 ಕರ್ನಾಟಕದ್ದು.

ಇಷ್ಟು ನೆಲದ ಎತ್ತರ ತಗ್ಗುಗಳನ್ನು ಒಂದು ಸಿ ಪ್ರೋಗ್ರಾಮಿಗೆ ತುಂಬಿ, ಯಾವ ಹನಿ ಎಲ್ಲಿಂದ ಹೊರಟು ಈ ಗುಡ್ಡದ ಬುಡಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಬಹುದೇ?

ದತ್ತಾಂಶಕ್ಕೆ ಕೊರತೆಯಿಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ನೆಲದ ಎತ್ತರ ಅಳೆದಿದೆ. ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಉದ್ದದ ಚೌಕಕ್ಕೆ ಒಂದು ಫೈಲು. ವಿಜಯವಾಡ ಇರುವ ಫೈಲಿನ ಹೆಸರು ಎನ್16ಇ080. ಸುಮಾರು 30 ಮೀಟರಿಗೊಂದು ಬಿಂದುವಿನಂತೆ ಅದರಲ್ಲಿ 3601 ಸಾಲು, ಸಾಲಿಗೆ 3601 ಎತ್ತರ. ಒಂದು ಎತ್ತರಕ್ಕೆ 2 ಬೈಟ್. ಒಟ್ಟು 2,59,34,402 ಬೈಟ್.

ಹೊಸಬರು ಮಾಡುವ ಕೆಲಸ ಒಂದೇ: ಮೇನ್ ಫಂಕ್ಷನ್ನಿನ ಒಳಗೆ 3601ಕ್ಕೆ 3601ರ ಶಾರ್ಟ್ ಅರೇ ಘೋಷಿಸಿ ಫೈಲು ಓದಲು ಹೊರಡುವುದು. ಕಂಪೈಲರ್ ತಕರಾರು ತೆಗೆಯುವುದಿಲ್ಲ. ಓಡಿಸಿದೊಡನೆ ‘ಸೆಗ್ಮೆಂಟೇಷನ್ ಫಾಲ್ಟ್’. ಲ್ಯಾಪ್‌ಟಾಪಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಫಂಕ್ಷನ್ನಿನ ಒಳಗಿನ ಅರೇ ಕೂರುವುದು ಸ್ಟ್ಯಾಕ್ ಎಂಬ ಸಣ್ಣ ಮೀಸಲು ಜಾಗದಲ್ಲಿ. ಲಿನಕ್ಸಿನಲ್ಲಿ ಅದರ ಮಿತಿ ಸಾಮಾನ್ಯವಾಗಿ 8 ಎಂಬಿ, ವಿಂಡೋಸಿನಲ್ಲಿ 1 ಎಂಬಿ. ಇದೇ ಚೌಕದ ಒರಟು ಫೈಲು, 90 ಮೀಟರಿಗೊಂದು ಬಿಂದುವಿನದು, 28,84,802 ಬೈಟ್. ಅದು ಲಿನಕ್ಸಿನಲ್ಲಿ ಸಲೀಸಾಗಿ ಓಡುತ್ತದೆ, ವಿಂಡೋಸಿನಲ್ಲಿ ಬೀಳುತ್ತದೆ. ‘ನನ್ನ ಮಷೀನಿನಲ್ಲಿ ಸರಿಯಿದೆಯಲ್ಲ’ ಎಂಬ ಜಗಳ ಹುಟ್ಟುವುದು ಇಂಥಲ್ಲೇ.

ನೆಲವನ್ನು ಮೀಟರಿಗೊಂದು ಬಿಂದುವಿನಂತೆ, ಬಿಂದುವಿಗೆ 4 ಬೈಟಿನಂತೆ ಅಳೆದರೆ 8 ಎಂಬಿಯಲ್ಲಿ ಹಿಡಿಸುವುದು 1,448 ಮೀಟರ್ ಬದಿಯ ಚೌಕ. ಬ್ಯಾರೇಜ್ ಅದರಲ್ಲಿ ಹೇಗೋ ಕೂರುತ್ತದೆ. 1 ಎಂಬಿಯಲ್ಲಾದರೆ 512 ಮೀಟರ್. ಬ್ಯಾರೇಜಿನ ಅರ್ಧವೂ ಇಲ್ಲ.

ಈಗ ಇಡೀ ನದಿ. ಕೃಷ್ಣೆಯ ಜಲಾನಯನಕ್ಕೆ 30 ಮೀಟರಿನ 63 ಫೈಲು ಬೇಕು: ಅಡ್ಡಕ್ಕೆ 9, ಉದ್ದಕ್ಕೆ 7. ಅಂಚುಗಳನ್ನು ಹೊಂದಿಸಿ ಜೋಡಿಸಿದರೆ 25,201 ಸಾಲು, 32,401 ಕಂಬ. 81 ಕೋಟಿ 65 ಲಕ್ಷ ಎತ್ತರಗಳು, 163 ಕೋಟಿ ಬೈಟ್. ಅರೇಯನ್ನು ಫಂಕ್ಷನ್ನುಗಳ ಹೊರಗೆ, ಗ್ಲೋಬಲ್ ಆಗಿ ಇಟ್ಟರೆ ಸ್ಟ್ಯಾಕಿನ ಹಂಗು ತಪ್ಪುತ್ತದೆ. ಆದರೆ ಶಾರ್ಟ್ ಬದಲು ಇಂಟ್ ಎಂದು ಬರೆದರೆ ಅದೇ ಅರೇ 326 ಕೋಟಿ ಬೈಟಿಗೆ ಏರುತ್ತದೆ. 64 ಬಿಟ್‌ನ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಜಿಸಿಸಿ ಕಂಪೈಲರನ್ನು ಅದರ ಪಾಡಿಗೆ ಬಿಟ್ಟರೆ ಅದು ಇಂಥ ಜಾಗಕ್ಕೆ 2 ಜಿಬಿಯ ಗಡಿ ಹಾಕಿಕೊಂಡಿರುತ್ತದೆ. ಹಾಗಾಗಿ ಪ್ರೋಗ್ರಾಂ ಓಡುವ ಮೊದಲೇ ಲಿಂಕರ್ ಕೈಯೆತ್ತುತ್ತದೆ.

ಉಳಿದದ್ದು ಹೀಪ್, ಅಂದರೆ ಮ್ಯಾಲಾಕ್ ಫಂಕ್ಷನ್ನಿನಿಂದ ಕೇಳಿ ಪಡೆಯುವ ಜಾಗ. ಅಲ್ಲಿ ಗುಣಾಕಾರವೇ ಕೈಕೊಡಬಹುದು. ಮೀಟರಿಗೊಂದು ಬಿಂದುವಿನಂತೆ 50 ಕಿ.ಮೀ. ಬದಿಯ ಚೌಕ ಬೇಕೆಂದು 50,000ವನ್ನು 50,000ದಿಂದ ಗುಣಿಸಿದರೆ 250 ಕೋಟಿ. ಇಂಟಿನ ಮಿತಿ 214 ಕೋಟಿ 74 ಲಕ್ಷ. ಹೆಚ್ಚಿನ ಯಂತ್ರಗಳಲ್ಲಿ ಉತ್ತರ ಬರುವುದು ಋಣ 179 ಕೋಟಿ. ಮ್ಯಾಲಾಕ್‌ಗೆ ಋಣಸಂಖ್ಯೆ ಗೊತ್ತಿಲ್ಲ. ಅದನ್ನೇ 20 ಅಂಕಿಗಳ ಬೇಡಿಕೆಯೆಂದು ಓದಿ, ಜಾಗವಿಲ್ಲವೆಂದು ನಲ್ ಕೊಡುತ್ತದೆ. ಮೊದಲ ಸಂಖ್ಯೆಯನ್ನೇ ಸೈಜ್‌ಟಿ ಎಂಬ ದೊಡ್ಡ ಬಗೆಯದಾಗಿ ಮಾಡಿಟ್ಟರೆ ಈ ಕಾಟವಿಲ್ಲ. ಬಂದ ಪಾಯಿಂಟರ್ ನಲ್ ಹೌದೋ ಅಲ್ಲವೋ ನೋಡಿಯೇ ಮುಂದೆ ಹೋಗಬೇಕು.

ನಲ್ ಅಲ್ಲದಿದ್ದರೂ ರ‍್ಯಾಮ್ ಸಿಕ್ಕಿತೆಂದಲ್ಲ. ಮದುವೆಗೆ ಸಾವಿರ ಜನರನ್ನು ಕರೆದು, ಬಂದು ಕೂತವರಿಗಷ್ಟೇ ಎಲೆ ಹಾಸಿದಂತೆ, ಲಿನಕ್ಸ್ ನಾವು ಮುಟ್ಟಿದ ಪುಟಕ್ಕೆ ಮಾತ್ರ ನಿಜವಾದ ಜಾಗ ಕೊಡುತ್ತದೆ. ಪುಟವೆಂದರೆ 4,096 ಬೈಟ್; ಕೃಷ್ಣೆಗೆ ಬೇಕಾದದ್ದು ಸುಮಾರು 3,98,700 ಪುಟ. ಸಿ ಅರೇಯನ್ನು ಸಾಲುಸಾಲಾಗಿ ಇಡುತ್ತದೆ, ಇಲ್ಲಿ ಒಂದು ಸಾಲಿಗೆ 64,802 ಬೈಟ್. ಅಡ್ಡಕ್ಕೆ ಓದಿದರೆ ಒಂದೇ ಪುಟದಲ್ಲಿ 2,048 ಎತ್ತರ ಸಿಗುತ್ತವೆ. ಕೆಳಕ್ಕೆ ಓದಿದರೆ ಪ್ರತಿ ಹೆಜ್ಜೆಗೂ ಹೆಚ್ಚುಕಡಿಮೆ 16 ಪುಟ ಹಾರಬೇಕು.

ಇಡೀ ಜಲಾನಯನವನ್ನೇ ಮೀಟರಿಗೊಂದು ಬಿಂದುವಿನಂತೆ ಅಳೆದರೆ ಶಾರ್ಟ್‌ನಲ್ಲೂ 518 ಜಿಬಿ. ಯಾವ ಲ್ಯಾಪ್‌ಟಾಪಿನ ರ‍್ಯಾಮಿಗೂ ನಿಲುಕದ ಮಾತು. ಆದರೆ 64 ಬಿಟ್ ಲಿನಕ್ಸಿನಲ್ಲಿ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವ ವಿಳಾಸಗಳು 128 ಟಿಬಿ. ಬರೀ ವಿಳಾಸದ ಲೆಕ್ಕದಲ್ಲಿ ಇಂಥ 271 ಕೃಷ್ಣೆಯರಿಗೆ ಜಾಗವಿದೆ. ಡಿಸ್ಕಿನ ಫೈಲನ್ನು ಎಂಮ್ಯಾಪ್‌ನಿಂದ ಅರೇಯಂತೆ ತೆರೆದು, ಬೇಕಾದ ಪುಟವನ್ನಷ್ಟೇ ತರಿಸಿಕೊಳ್ಳಬಹುದು.

ಇಷ್ಟೆಲ್ಲ ಬೇಕೇ ಎಂಬುದು ನಾವು ಕೇಳುವ ಪ್ರಶ್ನೆಯ ಮೇಲಿದೆ. ನೀರಿನ ದಾರಿ ಹಿಡಿಯಬೇಕಾದರೆ ಗಂಗಾಮೂಲದಿಂದ ಬ್ಯಾರೇಜಿನವರೆಗೆ ಎಲ್ಲ ಎತ್ತರವೂ ಕೈಗೆಟಕುವಂತಿರಬೇಕು. ಎಲ್ಲೆಲ್ಲಿ ಎಷ್ಟು ಇಳಿಜಾರು ಎಂದಷ್ಟೇ ತಿಳಿಯಬೇಕಾದರೆ ಒಂದು ಸಾಲು, ಅದರ ಮೇಲಿನದು, ಕೆಳಗಿನದು ಸಾಕು. 30 ಮೀಟರಿನ ಲೆಕ್ಕದಲ್ಲಿ ಮೂರು ಸಾಲೆಂದರೆ 1,94,406 ಬೈಟ್. ಒಂದು ಸಾಲು ಓದಿ ಒಂದನ್ನು ಬಿಡುತ್ತ ಹೋದರೆ ಮಹಾಬಲೇಶ್ವರದಿಂದ ಇಂದ್ರಕೀಲಾದ್ರಿಯವರೆಗಿನ ಇಳಿಜಾರೆಲ್ಲ ವಿಂಡೋಸಿನ ಆ 1 ಎಂಬಿ ಸ್ಟ್ಯಾಕಿನಲ್ಲೇ ಮುಗಿದು, ಐದರಲ್ಲಿ ನಾಲ್ಕು ಪಾಲು ಖಾಲಿ ಉಳಿಯುತ್ತದೆ.